ಬೇಸಿಗೆಯಲ್ಲಿ ಎರಡು ರಾತ್ರಿ ಟೆಂಟ್ ವಾಸ, ಒಂಬತ್ತು ಜನ. ಐಸ್ ಡಬ್ಬಿಯಲ್ಲಿ ಏನೂ ಉಳಿಯಲಿಲ್ಲ. ಎಲ್ಲಿ ತಪ್ಪಿದೆ?

ಹತ್ತಿ ಗುಮಾಸ್ತ, ರಾಯಚೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ದೊಡ್ಡದು. ಸಹಿಸಿಕೊಳ್ಳಿ.

ನಾನು ಇಲ್ಲಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿನಲ್ಲಿ, ಲೆಕ್ಕ ಬರೆಯುವವನು. ಹತ್ತಿ ಬರಲು ಶುರುವಾದರೆ ಆರು ತಿಂಗಳು ತಲೆ ಎತ್ತಲು ಆಗುವುದಿಲ್ಲ. ಸೀಸನ್ ಮುಗಿದು, ಮಕ್ಕಳಿಗೂ ರಜೆ ಬಿದ್ದು, ನಾವು ಊರು ಬಿಡುವುದು ಏಪ್ರಿಲ್ ಕೊನೆಗೆ. ಅಂದರೆ ರಾಯಚೂರಿನವರು ಮಧ್ಯಾಹ್ನ ಬಾಗಿಲು ಸಹ ತೆಗೆಯದ ಕಾಲ. ಆದರೂ ಹೋಗುತ್ತೇವೆ. ಬೇರೆ ಕಾಲ ನಮಗೆ ಇಲ್ಲ.

ಆನೆಗೊಂದಿ ಹತ್ತಿರ ನನ್ನ ಹೆಂಡತಿಯ ಸೋದರಮಾವನ ಬಾಳೆತೋಟ ಇದೆ. ಸಾಣಾಪುರ ಕೆರೆಗೆ ಹೋಗುವ ದಾರಿಯಲ್ಲಿ. ತೋಟದ ಅಂಚಿಗೆ ಒಂದು ಚಪ್ಪಟೆ ಬಂಡೆ, ಪಕ್ಕದಲ್ಲಿ ಬೇವಿನ ಮರ. ಹೋದ ವರ್ಷ ಅಲ್ಲಿ ಎರಡು ಟೆಂಟ್ ಹಾಕಿದೆವು. ನಾನು, ಹೆಂಡತಿ, ಎರಡು ಮಕ್ಕಳು, ನಮ್ಮ ಅವ್ವ, ತಮ್ಮ, ತಮ್ಮನ ಹೆಂಡತಿ, ಅವರ ಎರಡು ಮಕ್ಕಳು. ಒಂಬತ್ತು ಜನ, ಎರಡು ಕಾರು.

ಹೋಗುವ ಮುಂಚೆ 45 ಲೀಟರಿನ ಐಸ್ ಡಬ್ಬಿ ಕೊಂಡೆ. ಅಂಗಡಿಯವನು ಮೂರು ದಿನ ಐಸ್ ಕರಗಲ್ಲ ಅಂದ. ನಾನೂ ನಂಬಿದೆ. ಒಳಗೆ ಇಟ್ಟದ್ದು: ಅಂಗಡಿಯಿಂದ ತಂದ ಮೂರು ಕೆಜಿ ಐಸ್ ತುಂಡು, ಮನೆಯ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಎರಡು ಬಾಟಲಿ, ನಾಲ್ಕು ಹಾಲಿನ ಪ್ಯಾಕೆಟ್, ಮಸಾಲೆ ಹಚ್ಚಿದ ಎರಡು ಕೆಜಿ ಕೋಳಿ, ಹಸಿ ಕೊಬ್ಬರಿ ಚಟ್ನಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಹನ್ನೆರಡು ಬಾಟಲಿ ಕುಡಿಯುವ ನೀರು, ಅವ್ವನ ಇನ್ಸುಲಿನ್ ಪೆನ್ನು. ಡಬ್ಬಿ ಸುತ್ತ ಮಿಲ್ಲಿನಿಂದ ತಂದ ಹತ್ತಿ ಸುತ್ತಿದೆ. ಹತ್ತಿ ಗುಮಾಸ್ತನ ಬುದ್ಧಿ ಅದು.

ಮುಂಜಾನೆ ಏಳಕ್ಕೆ ಮನೆ ಬಿಟ್ಟೆವು. ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ ದಾಟಿ ಹನ್ನೊಂದರ ಹೊತ್ತಿಗೆ ತೋಟ. ಸಂಜೆ ಐದಕ್ಕೆ ಮುಚ್ಚಳ ತೆಗೆದರೆ ಐಸ್ ಇಲ್ಲ. ನೀರಿನಲ್ಲಿ ಹಾಲಿನ ಪ್ಯಾಕೆಟ್ ತೇಲುತ್ತಿವೆ. ಚಟ್ನಿ ಡಬ್ಬಿಯೊಳಗೆ ನೀರು ಹೊಕ್ಕಿದೆ. ಕೊತ್ತಂಬರಿಯ ಒಂದು ಕಡೆ ಕಪ್ಪಾಗಿ ಕೊಳೆತಿದೆ. ಕೋಳಿ ಮೂಸಿ ನೋಡಿದ ತಮ್ಮ ಮಾತಾಡದೆ ತೋಟದಾಚೆ ಹೋಗಿ ಗುಂಡಿ ತೋಡಿದ. ರಾತ್ರಿ ಚಹಾಕ್ಕೆ ಹಾಲು ಇಟ್ಟರೆ ಒಡೆಯಿತು. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಇದು ಐಸ್ ಡಬ್ಬಿ ಅಲ್ರಿ, ಹೆಪ್ಪು ಹಾಕೋ ಡಬ್ಬಿ."

ಈ ವರ್ಷವೂ ಹೋಗುವುದು ಖಾತ್ರಿ. ದೊಡ್ಡ ಕಂಪನಿಯ ದಪ್ಪ ಡಬ್ಬಿ ಕೊಳ್ಳಬೇಕಾ? ಬೆಲೆ ನೋಡಿದರೆ ಒಂದು ಸಣ್ಣ ಫ್ರಿಜ್ಜೇ ಬರುತ್ತದೆ. ಅಥವಾ ಬೇರೆ ದಾರಿ ಇದೆಯಾ? ಇಂಥ ಬಿಸಿಲಲ್ಲಿ ಮಾಡಿ ನೋಡಿದವರು ಹೇಳಿ. ಊಟಿ, ಕೊಡಗಿನ ಅನುಭವ ಬೇಡ.

ಕಾರಟಗಿ ಮೀನಂಗಡಿ

ಅಣ್ಣಾ, ಎರಡೇ ಪ್ರಶ್ನೆ. ಡಬ್ಬಿ ಎಲ್ಲಿಟ್ಟಿದ್ರಿ? ಆ ಹನ್ನೆರಡು ಬಾಟಲಿ ನೀರು ತಣ್ಣಗಿತ್ತಾ, ಹಾಗೇ ಹಾಕಿದ್ರಾ?

ಹತ್ತಿ ಗುಮಾಸ್ತ, ರಾಯಚೂರು

ಬಂಡೆಯ ಮೇಲೆ, ಬೇವಿನ ನೆರಳಲ್ಲಿ ಇಟ್ಟಿದ್ದೆ. ನೀರು ನಲ್ಲಿಯಿಂದ ಹಿಡಿದದ್ದು, ಹಾಗೇ ಹಾಕಿದೆ. ತಣ್ಣಗಾಗಲಿ ಅಂತಲೇ ಅಲ್ವಾ ಡಬ್ಬಿಗೆ ಹಾಕುವುದು?

ಕಾರಟಗಿ ಮೀನಂಗಡಿ

ಅಲ್ಲೇ ಮುಗೀತು ನೋಡಿ.

ನಾನು ಡ್ಯಾಮಿನ ಮೀನು ಮಾರುವವನು. ಕಾಟ್ಲಾ, ರೋಹು. ಇಪ್ಪತ್ತು ವರ್ಷದಿಂದ ದಿನಾ ಬೆಳಗಾದರೆ ಐಸಿನ ಜೊತೆಗೇ ಬದುಕು. ಐಸ್ ಕರಗಿದರೆ ನನ್ನ ದುಡ್ಡು ಕರಗಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಂಡೆ. ಆನೆಗೊಂದಿ ಸೀಮೆಯ ಬಂಡೆ ಅಂದರೆ ಹೆಂಚು ಇದ್ದ ಹಾಗೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತದೆ. ಬರಿಗಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತೆ. ನೀವು ಮೇಲಿನ ಬಿಸಿಲು ನೋಡಿದಿರಿ, ಕೆಳಗಿನ ಕಾವು ನೋಡಲಿಲ್ಲ. ಇನ್ನು ನೆರಳು. ಹನ್ನೊಂದಕ್ಕೆ ಇದ್ದ ನೆರಳು ಎರಡು ಗಂಟೆಗೆ ಅಲ್ಲೇ ಇರುತ್ತಾ? ಅದು ಸರಿಯುತ್ತದೆ, ನಿಮ್ಮ ಡಬ್ಬಿ ಸರಿಯಲ್ಲ. ಬಾಳೆ ಸಾಲಿನ ನಡುವೆ, ನೀರು ಹಾಯಿಸಿದ ಮಣ್ಣಿನ ಮೇಲೆ ಇಟ್ಟಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು.

ಎರಡನೆಯದು ನೀರಿನ ಬಾಟಲಿ. ನನ್ನ ಮಗ ಪಿಯುಸಿ ಸೈನ್ಸ್. ಅವನ ಕೈಯಲ್ಲಿ ಲೆಕ್ಕ ಹಾಕಿಸಿದೆ. 40 ಡಿಗ್ರಿ ಇರುವ ಒಂದು ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲು ಹತ್ತಿರ ಹತ್ತಿರ ಅರ್ಧ ಕೆಜಿ ಐಸ್ ಕರಗಬೇಕಂತೆ. ನಿಮ್ಮ ಬಳಿ ಬಾಟಲಿ ಸೇರಿ ಇದ್ದದ್ದೇ ಐದು ಕೆಜಿ ಐಸ್. ಹನ್ನೆರಡು ಲೀಟರ್ ನೀರು ತಣ್ಣಗೆ ಮಾಡುವುದರಲ್ಲೇ ಅದು ತೀರಿತು. ಕೋಳಿಗೆ, ಹಾಲಿಗೆ ಏನು ಉಳಿಯಬೇಕು? ಐಸ್ ಡಬ್ಬಿ ಬಿಸಿಯಿದ್ದದ್ದನ್ನು ತಣ್ಣಗೆ ಮಾಡುವ ಯಂತ್ರ ಅಲ್ಲ. ತಣ್ಣಗಿದ್ದದ್ದನ್ನು ಕಾಯುವ ಪೆಟ್ಟಿಗೆ ಅದು. ಹಿಂದಿನ ರಾತ್ರಿಯೇ ಎಲ್ಲ ಫ್ರಿಜ್ಜಿನಲ್ಲಿ ತಣ್ಣಗಾಗಿರಬೇಕು. ಡಬ್ಬಿ ಕೂಡ. ಅಟ್ಟದ ಮೇಲಿಂದ ಇಳಿಸಿದ ಡಬ್ಬಿಯ ಗೋಡೆಯೇ ಬಿಸಿ ಇರುತ್ತೆ. ರಾತ್ರಿ ಅದರೊಳಗೆ ಎರಡು ಗಟ್ಟಿ ಬಾಟಲಿ ಹಾಕಿ ಮುಚ್ಚಿಡಿ.

ಐಸ್ ತುಂಡು ತಗೋಬೇಡಿ. ಗಡ್ಡೆ ತಗೊಳ್ಳಿ. ತುಂಡಿಗೆ ಮೈ ಜಾಸ್ತಿ, ಬೇಗ ಕರಗುತ್ತೆ. ಒಂದೇ ಗಡ್ಡೆ ನಿಧಾನ. ರಾಯಚೂರಿನಿಂದ ಹೊರಬೇಡಿ. ಗಂಗಾವತಿಯಲ್ಲಿ ಐಸ್ ಸಿಗುತ್ತದೆ, ಅಲ್ಲಿಂದ ತೋಟಕ್ಕೆ ಎಷ್ಟು ದೂರ? ಡಬ್ಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಐಸೇ ಇರಬೇಕು. ಜಾಗ ಸಾಲದಿದ್ದರೆ ಸಾಮಾನು ಕಡಿಮೆ ಮಾಡಿ, ಐಸ್ ಅಲ್ಲ. ಅದು ತಿನ್ನುವ ಐಸ್ ಅಲ್ಲ ಅನ್ನುವುದೂ ನೆನಪಿರಲಿ. ತಿನ್ನಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ 2018ರಲ್ಲಿ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿದೆ. ಬೆಳ್ಳಗೇ ಕಂಡರೂ ಗ್ಲಾಸಿಗೆ ಹಾಕಬೇಡಿ.

ಈಗ ಹತ್ತಿ. ಒಣಗಿದ್ದಾಗ ಹತ್ತಿ ಒಳ್ಳೆಯದೇ. ನೆನೆದರೆ ಕೆಟ್ಟಿತು, ಹೊರಗಿನ ಕಾವನ್ನು ಒಳಗೆ ಬಿಡುತ್ತೆ. ಐಸ್ ಡಬ್ಬಿ ಬೆವರುತ್ತೆ ಅನ್ನುವುದು ನಿಮಗೆ ಹೊಳೆದಿಲ್ಲ. ನಾವು ಭತ್ತದ ಸೀಮೆಯವರು. ಕಾರಟಗಿ, ಗಂಗಾವತಿ, ಸಿಂಧನೂರು ಎಲ್ಲಿ ಕಣ್ಣು ಹಾಯಿಸಿದರೂ ರೈಸ್ ಮಿಲ್ಲು. ಮೊದಲಿನಿಂದ ಐಸ್ ಗಡ್ಡೆ ಬಂದದ್ದೇ ಹೊಟ್ಟಿನಲ್ಲಿ ಹೂತುಕೊಂಡು. ಈಗ ಮಿಲ್ಲಿನವರು ಬಾಯ್ಲರಿಗೆ ಹೊಟ್ಟನ್ನೇ ಉರಿಸುತ್ತಾರೆ, ಆದರೂ ಎರಡು ಚೀಲ ಕೇಳಿದರೆ ಕೊಡುತ್ತಾರೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಹಾಳೆ, ತಳಕ್ಕೆ ನಾಲ್ಕು ಬೆರಳು ಹೊಟ್ಟು, ಮೇಲೆ ನಿಮ್ಮ ಡಬ್ಬಿ, ಸುತ್ತಲೂ ಹೊಟ್ಟು. ಮುಚ್ಚಳದ ಮೇಲೆ ಹೊಟ್ಟು ತುಂಬಿದ ದಿಂಬಿನ ಚೀಲ ಒಂದು. ಕಡೆಗೆ ಗೋಣಿತಟ್ಟು. ಹೊಸ ಡಬ್ಬಿ ಏನೂ ಬೇಡ.

ನೀರು ಬಸಿಯುವ ಪ್ರಶ್ನೆ ಬರುತ್ತೆ. ಬಿಡಿ ಮೀನಿಗಾದರೆ ಬಸಿಯಲೇಬೇಕು, ಇಲ್ಲದಿದ್ದರೆ ಮೀನು ಹಾಳು. ನಿಮ್ಮದು ಬಾಟಲಿ, ಸ್ಟೀಲ್ ಡಬ್ಬಿ ಆದರೆ ಗಡಿಬಿಡಿ ಬೇಡ. ಐಸ್ ತೇಲುತ್ತಿರುವ ತನಕ ಆ ನೀರೂ ಐಸಿನಷ್ಟೇ ತಣ್ಣಗಿರುತ್ತೆ. ಬಸಿದರೆ ಆ ಜಾಗಕ್ಕೆ ಬಿಸಿ ಗಾಳಿ ಬಂದು ಕೂಡುತ್ತೆ.

ಬಳ್ಳಾರಿ ಬುಲೆಟ್

ಇಷ್ಟೆಲ್ಲ ಯಾಕೆ ಸರ್? ಐಸಿಗೆ ಉಪ್ಪು ಹಾಕಿ, ಇನ್ನೂ ತಣ್ಣಗಾಗುತ್ತೆ. ಇಲ್ಲಾಂದ್ರೆ ಡ್ರೈ ಐಸ್ ತಗೊಳ್ಳಿ.

ಕಾರಟಗಿ ಮೀನಂಗಡಿ

ಉಪ್ಪು ಕುಲ್ಫಿಯವನಿಗೆ ತಮ್ಮಾ. ತಣ್ಣಗಾಗುತ್ತೆ ನಿಜ, ಆದರೆ ಐಸ್ ಓಡಿಹೋಗುತ್ತೆ. ಅವನಿಗೆ ಅರ್ಧ ತಾಸು ಸಾಕು, ಇವರಿಗೆ ಎರಡು ರಾತ್ರಿ ಬೇಕು.

ಕನಕಗಿರಿ ಮಗಳು, ಈಗ ಬಳ್ಳಾರಿ

ಗುಮಾಸ್ತರೇ, ನಿಮಗೆ ನಾಲ್ಕು ಮಾತು ಬೈಯಬೇಕು ಅನ್ನಿಸುತ್ತಿದೆ. ಬೇಜಾರು ಮಾಡ್ಕೋಬೇಡಿ.

ರಾಯಚೂರಿನಿಂದ ಕೋಳಿ ಯಾಕೆ ಹೊತ್ತಿರಿ? ಗಂಗಾವತಿಯಲ್ಲಿ ಕೋಳಿ ಇಲ್ವಾ? ಹಾಲು ಯಾಕೆ ಹೊತ್ತಿರಿ? ಆನೆಗೊಂದಿಯಲ್ಲಿ ಎಮ್ಮೆ ಇಲ್ವಾ? ಎಲ್ಲರೂ ತಣ್ಣಗೆ ಇಡುವುದು ಹೇಗೆ ಅಂತ ಹೇಳುತ್ತಿದ್ದಾರೆ. ತಣ್ಣಗೆ ಇಡಬೇಕಾದದ್ದನ್ನು ಒಯ್ಯುವುದೇ ಯಾಕೆ ಅಂತ ಒಬ್ಬರೂ ಕೇಳಲಿಲ್ಲ.

ನಮ್ಮ ಅಜ್ಜಿ ಬೇಸಿಗೆಯ ಹುಲಿಗೆಮ್ಮನ ಜಾತ್ರೆಗೆ ಕನಕಗಿರಿಯಿಂದ ಚಕ್ಕಡಿಯಲ್ಲಿ ಹೋಗುತ್ತಿದ್ದಳು. ದಾರಿಯಲ್ಲಿ ಒಂದು ರಾತ್ರಿ, ಅಲ್ಲಿ ಎರಡು ರಾತ್ರಿ. ಮನೆಮಂದಿಯೆಲ್ಲ. ಐಸ್ ಅನ್ನುವ ಶಬ್ದ ಅವಳಿಗೆ ಗೊತ್ತಿರಲಿಲ್ಲ. ಬುತ್ತಿಗಂಟಿನಲ್ಲಿ ಇರುತ್ತಿದ್ದದ್ದು ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಳ್ಳುಳ್ಳಿ ಖಾರ. ಎಣ್ಣೆ ಮುಂದಾಗಿ ಹುರಿದ ಪುಂಡಿಪಲ್ಯ, ಅದು ಹುಳಿ, ಮಾರನೇ ದಿನ ಇನ್ನೂ ರುಚಿ. ಹಸಿ ಕೊಬ್ಬರಿ ಗಂಟಿಗೆ ಬರುವ ಹಾಗಿಲ್ಲ, ಒಣ ಕೊಬ್ಬರಿ ಮಾತ್ರ. ಈರುಳ್ಳಿ ಹೆಚ್ಚಿಕೊಂಡು ಹೋದರೆ ಅವಳ ಕೈಯಲ್ಲಿ ಏಟು ಖಾತ್ರಿ. ಈರುಳ್ಳಿ ಇಡಿಯಾಗಿ ಹೋಗಬೇಕು, ಅಲ್ಲಿ ಗುದ್ದಿ ತಿನ್ನಬೇಕು. ಹಿಂಡಿ ಡಬ್ಬಿಗೆ ಹಸಿ ಚಮಚ ಹಾಕಿದವರಿಗೂ ಅದೇ ಏಟು.

ಮೊಸರು ಬೇಕೇ ಬೇಕು ನಮಗೆ. ಅದಕ್ಕೆ ಅವಳ ಉಪಾಯ ಇದು. ಮೊಸರು ಒಯ್ಯಬೇಡಿ, ಹಾಲು ಒಯ್ಯಿರಿ. ಮುಂಜಾನೆ ಕಾಸಿ ಆರಿಸಿದ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿ, ಮೆತ್ತಗಿನ ಅನ್ನ ಕಲಸಿಬಿಡಿ. ಹೊರಡುವಾಗ ಹಾಲನ್ನ, ಮಧ್ಯಾಹ್ನ ಗಂಟು ಬಿಚ್ಚಿದಾಗ ಮೊಸರನ್ನ. ಝಳವೇ ನಿಮ್ಮ ಕೆಲಸ ಮಾಡಿಕೊಡುತ್ತೆ. ಆ ಹೊತ್ತಿನಲ್ಲೇ ತಿಂದು ಮುಗಿಸಬೇಕು, ಅಷ್ಟೇ.

ಸೊಪ್ಪಿಗೆ, ಕೊತ್ತಂಬರಿಗೆ, ಕುಡಿಯುವ ನೀರಿಗೆ ಐಸ್ ಬೇಡ. ಒಂದು ಹರವಿ, ಅಂದರೆ ನೀರಿನ ಮಣ್ಣಿನ ಮಡಿಕೆ, ಒಯ್ಯಿರಿ. ಇನ್ನೊಂದು ಅಗಲ ಬಾಯಿಯ ಗಡಿಗೆ, ಅದರೊಳಗೆ ಕೂಡುವಂಥ ಸಣ್ಣ ಗಡಿಗೆ. ನಡುವೆ ಮರಳು ತುಂಬಿ ಹೊತ್ತಿಗೊಮ್ಮೆ ನೀರು ಚಿಮುಕಿಸಿ. ಸಣ್ಣ ಗಡಿಗೆಯಲ್ಲಿ ಸೊಪ್ಪು, ಮೇಲೆ ಒದ್ದೆ ಬಟ್ಟೆ. ಗಾಳಿ ಆಡುವ ನೆರಳಲ್ಲಿ ಇಡಿ, ಟೆಂಟಿನೊಳಗೆ ಬೇಡ. ಇದು ಎಲ್ಲ ಕಡೆ ನಡೆಯಲ್ಲ ಅನ್ನುವುದು ನನ್ನ ತಂಗಿ ಮಂಗಳೂರಿಗೆ ಸೊಸೆಯಾಗಿ ಹೋದಾಗ ಗೊತ್ತಾಯಿತು. ಕೊಪ್ಪಳದಿಂದ ಹರವಿ ಹೊತ್ತುಕೊಂಡು ಹೋಗಿ ಇಟ್ಟಳು. ನೀರು ತಣ್ಣಗಾಗಲೇ ಇಲ್ಲ. ಅಲ್ಲಿಯ ಗಾಳಿಯಲ್ಲೇ ನೀರು ತುಂಬಿದೆ, ಹರವಿಯ ಬೆವರು ಆರುವುದು ಎಲ್ಲಿಗೆ? ನಮ್ಮದು ಒಣ ಗಾಳಿ. ಬಿಸಿಲಿಗೆ ಬೈಯುತ್ತೇವೆ, ಹರವಿ ನೀರು ಕುಡಿಯುವಾಗ ಅದೇ ಬಿಸಿಲು ಉಪಕಾರಕ್ಕೆ ಬರುತ್ತೆ.

ಔಷಧಿ ಅಂಗಡಿ, ಗಂಗಾವತಿ

ಎಲ್ಲರೂ ಕೋಳಿ, ಕೊತ್ತಂಬರಿ ಅಂತ ಮಾತಾಡುತ್ತಿದ್ದೀರಿ. ನನ್ನ ಕಣ್ಣು ಬಿದ್ದದ್ದು ಇನ್ಸುಲಿನ್ ಮೇಲೆ. ಗುಮಾಸ್ತರೇ, ಪೆನ್ನು ಡಬ್ಬಿಯಲ್ಲಿ ಎಲ್ಲಿತ್ತು?

ಹತ್ತಿ ಗುಮಾಸ್ತ, ರಾಯಚೂರು

ಆ ಎರಡು ಗಟ್ಟಿ ಬಾಟಲಿಗಳ ನಡುವೆ ಸಿಕ್ಕಿಸಿದ್ದೆ. ಅಲ್ಲೇ ಎಲ್ಲಕ್ಕಿಂತ ತಂಪು ಅಂತ. ಯಾಕೆ ಸರ್?

ಔಷಧಿ ಅಂಗಡಿ, ಗಂಗಾವತಿ

ಫ್ರೀಜರಿನಿಂದ ಆಗತಾನೆ ತೆಗೆದ ಬಾಟಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಇರುತ್ತೆ. ಅದಕ್ಕೆ ತಾಗಿದ ಇನ್ಸುಲಿನ್ ಹೆಪ್ಪುಗಟ್ಟಿರಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗೇ ಕಂಡರೂ ಅದನ್ನು ಬಳಸಬಾರದು. ಎಸೆಯಬೇಕು. ಕೊತ್ತಂಬರಿ ಒಂದೇ ಕಡೆ ಕಪ್ಪಾಗಿತ್ತು ಅಂದಿರಲ್ಲ, ಅದೂ ಇದೇ ಕತೆ.

ಒಡೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಬಳಸುತ್ತಿರುವ ಪೆನ್ನಿಗೆ ಫ್ರಿಜ್ ಬೇಕಾಗಿಲ್ಲ. ಸಾಮಾನ್ಯವಾಗಿ 30 ಡಿಗ್ರಿಯ ಒಳಗೆ ಸುಮಾರು ನಾಲ್ಕು ವಾರ ಇರುತ್ತೆ. ನಿಮ್ಮದು ಎಷ್ಟು ಅನ್ನುವುದು ಅದರ ಚೀಟಿಯಲ್ಲೇ ಇದೆ, ಓದಿ. ಆದರೆ ಏಪ್ರಿಲ್‌ನಲ್ಲಿ ನಮ್ಮ ಕಡೆ 30 ಎಲ್ಲಿದೆ? ಅದಕ್ಕೆ ಕನಕಗಿರಿಯ ಅಕ್ಕ ಹೇಳಿದ ಗಡಿಗೆ ಸಾಕು, ಮುಚ್ಚಳ ಬಿಗಿಯಾದ ಒಣ ಡಬ್ಬಿಯಲ್ಲಿ ಹಾಕಿ ಒಳಗೆ ಇಡಿ. ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಐದು ನಿಮಿಷ ಅಂದರೂ.

ಇನ್ನೊಂದು. ನಮ್ಮಂಥ ಅಂಗಡಿಗಳಿಗೆ ಔಷಧಿ ಥರ್ಮಾಕೋಲ್ ಡಬ್ಬಿಯಲ್ಲಿ, ಜೆಲ್ ಪ್ಯಾಕ್ ಜೊತೆ ಬರುತ್ತೆ. ಖಾಲಿಯಾದ ಮೇಲೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತೆ. ನಿಮ್ಮ ಪರಿಚಯದ ಮೆಡಿಕಲ್‌ನಲ್ಲಿ ಕೇಳಿ, ಸುಮ್ನೆ ಕೊಡುತ್ತಾರೆ. ಮಕ್ಕಳು ಪದೇ ಪದೇ ತೆಗೆಯುವ ತಂಪು ನೀರು, ಮಜ್ಜಿಗೆ ಎಲ್ಲ ಅದಕ್ಕೆ. ದೊಡ್ಡ ಡಬ್ಬಿ ದಿನಕ್ಕೆ ಮೂರು ಸಲ ತೆಗೆದರೆ ಸಾಕು.

ಅಡುಗೆ ವಿಷಯಕ್ಕೆ ಒಂದೇ ಮಾತು. 5 ಡಿಗ್ರಿಗಿಂತ ಮೇಲೆ, 60ಕ್ಕಿಂತ ಕೆಳಗೆ ಕ್ರಿಮಿಗಳಿಗೆ ಹಬ್ಬ. ಬೇಗ ಕೆಡುವ ಪದಾರ್ಥ ಹೊರಗೆ ಎರಡು ತಾಸಿಗಿಂತ ಜಾಸ್ತಿ ಇರಬಾರದು ಅನ್ನುತ್ತಾರೆ. ಹೊರಗೆ 32 ದಾಟಿದ್ದರೆ ಒಂದೇ ತಾಸು. ನಮ್ಮಲ್ಲಿ ಬೆಳಗ್ಗೆ ಒಂಬತ್ತಕ್ಕೇ 32 ದಾಟಿರುತ್ತೆ. ರಾತ್ರಿ ಉಳಿದ ಅನ್ನವನ್ನು ಬೆಳಗ್ಗೆ ಒಗ್ಗರಣೆ ಹಾಕಿ ಕೊಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಕ್ರಿಮಿಯ ವಿಷ ಬಿಸಿ ಮಾಡಿದರೂ ಹೋಗಲ್ಲ. ಬಾಳೆತೋಟದ ದನಕ್ಕೆ ಹಾಕಿ.

ಬುಲೆಟ್ ಅವರೇ, ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಅದು ನೀರಾಗಲ್ಲ, ನೇರ ಗಾಳಿಯಾಗುತ್ತೆ. ಕಿಟಕಿ ಮುಚ್ಚಿದ ಕಾರಿನಲ್ಲಿ, ಟೆಂಟಿನಲ್ಲಿ ಉಸಿರುಗಟ್ಟುತ್ತೆ. ಮಕ್ಕಳಿರುವಲ್ಲಿ ಆ ಮಾತೇ ಬೇಡ.

ಸಂಡೂರು ಕೆಂಪುಧೂಳು

ದರೋಜಿ ಕರಡಿಧಾಮದ ಪಕ್ಕದ ಸೀಮೆಯವನು ನಾನು. ಆನೆಗೊಂದಿ ಗುಡ್ಡದಲ್ಲೂ ಕರಡಿ, ಚಿರತೆ ಇವೆ. ಕರಡಿಯ ಮೂಗು ನಿಮ್ಮ ತಮ್ಮನ ಮೂಗಿಗಿಂತ ಚುರುಕು. ರಾತ್ರಿ ಡಬ್ಬಿ, ಬುತ್ತಿ ಎಲ್ಲ ಕಾರಿನೊಳಗೆ ಹೋಗಬೇಕು. ಟೆಂಟಿನೊಳಗೆ ಬಾಳೆಹಣ್ಣು ಸಹ ಬೇಡ. ಕೆಟ್ಟ ಕೋಳಿಯನ್ನು ತೋಟದ ಪಕ್ಕದಲ್ಲೇ ಹೂತದ್ದು ಕೇಳಿ ಎದೆ ಧಸಕ್ ಅಂತು.

ಹತ್ತಿ ಗುಮಾಸ್ತ, ರಾಯಚೂರು *(ಐದು ವಾರದ ನಂತರ)*

ಹೋಗಿ ಬಂದೆವು. ಕೇಳಿದವನು ವರದಿ ಕೊಡದಿದ್ದರೆ ತಪ್ಪಾಗುತ್ತದೆ.

ಮೊದಲು ಅವ್ವನ ವಿಷಯ. ಹೋದ ವರ್ಷ ತೋಟದಲ್ಲಿ ಎರಡು ದಿನವೂ ಅವಳ ಸಕ್ಕರೆ ಇಳಿದಿರಲಿಲ್ಲ. ಬಿಸಿಲಿಗೆ, ಮಾವಿನಹಣ್ಣಿಗೆ ಅಂದುಕೊಂಡಿದ್ದೆವು. ಇಲ್ಲಿ ಓದಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳಿದೆ. "ನೀನೇನು ಬೇಕಂತ ಮಾಡಿದ್ಯೇನೋ" ಅಂದಳು. ಅಷ್ಟಕ್ಕೇ ಬಿಟ್ಟಳು. ಈ ಸಲ ಅವಳ ಡಾಕ್ಟರನ್ನು ಕೇಳಿಕೊಂಡೇ ಹೊರಟೆವು. ಪೆನ್ನು ಒಣ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಗಡಿಗೆಯಲ್ಲಿ, ಗಡಿಗೆಯ ಕಾವಲು ನನ್ನ ಮಗಳ ಪಾಲಿಗೆ.

ಕೋಳಿ, ಹಾಲು ರಾಯಚೂರಿನಿಂದ ಒಯ್ಯಲಿಲ್ಲ. ಹೆಂಡತಿ ಕನಕಗಿರಿ ಅಕ್ಕನ ಬರಹವನ್ನು ಜೋರಾಗಿ ಓದಿ ಹೇಳಿದಳು, ಬೈಗುಳದ ಸಾಲು ಎರಡು ಸಲ. ರೊಟ್ಟಿ ಎಂಬತ್ತು, ಹಿಂಡಿ ಮೂರು ಥರ. ದೊಡ್ಡ ಡಬ್ಬಿಗೆ ಉಳಿದದ್ದು ಬೆಣ್ಣೆ, ಪನೀರ್, ಎರಡು ದಿನದ ಮಜ್ಜಿಗೆಗೆ ಮೊಸರು, ಗಂಗಾವತಿಯಲ್ಲಿ ಕೊಂಡ ಕೋಳಿ. ಅದೂ ಸಂಜೆಯೇ ಒಲೆ ಮೇಲೆ ಹೋಗುವ ಲೆಕ್ಕ. ಚಹಾಕ್ಕೆ ಟೆಟ್ರಾ ಪ್ಯಾಕಿನ ಹಾಲು. ಅದನ್ನು ಒಡೆಯುವ ತನಕ ಫ್ರಿಜ್ ಬೇಕಿಲ್ಲ ಅನ್ನುವುದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ಅರ್ಧ ಲೀಟರಿನದೇ ತಗೊಂಡೆ, ಒಡೆದರೆ ಒಂದೇ ಸಲಕ್ಕೆ ಮುಗಿಯಬೇಕಲ್ಲ.

ಗಂಗಾವತಿಯಲ್ಲಿ ಐಸ್ ತಗೊಳ್ಳುವಾಗ ನಡೆದದ್ದನ್ನು ಹೇಳಲೇಬೇಕು. 25 ಕೆಜಿ ಗಡ್ಡೆ ಬೇಕು ಅಂದೆ. ಐಸ್ ಕೊಡುವ ಹುಡುಗ ನನ್ನ ಮುಖ ನೋಡಿ, ದನಿ ಇಳಿಸಿ ಕೇಳಿದ, "ಯಾವಾಗ ತೀರಿಕೊಂಡ್ರು ಸರ?" ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಬೇಸಿಗೆಯಲ್ಲಿ ಇಷ್ಟು ಐಸ್ ಒಯ್ಯುವವರು ಒಂದೋ ಮದುವೆ ಮನೆಯವರು, ಇಲ್ಲಾ ಸಾವಿನ ಮನೆಯವರು. ನಮ್ಮ ಮುಖದಲ್ಲಿ ಮದುವೆ ಕಳೆ ಕಾಣಲಿಲ್ಲ ಅವನಿಗೆ. ಕಾರಿನ ಹಿಂದಿನ ಸೀಟಿನಿಂದ ಅವ್ವ ಕೂಗಿದಳು, "ಇನ್ನೂ ಅದೀನಪ್ಪಾ, ನೀ ಐಸ್ ಕೊಡು." ಹುಡುಗ ನಾಲಿಗೆ ಕಚ್ಚಿಕೊಂಡು, ಸಣ್ಣದೊಂದು ತುಂಡು ಪುಕ್ಕಟೆ ಕೊಟ್ಟ.

ಹೊಟ್ಟು ಕಾರಟಗಿಯ ಒಂದು ಮಿಲ್ಲಿನಲ್ಲಿ ಸಿಕ್ಕಿತು. ಚಹಾಕ್ಕೆ ಇರಲಿ ಅಂತ ಐವತ್ತು ರೂಪಾಯಿ ಕೊಟ್ಟೆ. ಡಬ್ಬಿಯನ್ನು ಬಾಳೆ ಸಾಲಿನ ನಡುವೆ, ಹಸಿ ಮಣ್ಣಿನ ಮೇಲೆ ಎರಡು ಇಟ್ಟಿಗೆ ಇಟ್ಟು ಕೂಡಿಸಿದೆ. ಮೇಲೆ ಬಾಳೆಎಲೆ ಹೊದಿಕೆ. ಫ್ರಿಜ್ಜಿನಲ್ಲಿ ಇಡುವ ಒಂದು ಸಣ್ಣ ಥರ್ಮಾಮೀಟರ್ ಕೊಂಡಿದ್ದೆ. ಮಿಲ್ಲಿನ ಚಾಳಿ, ಅಂಕಿ ಬರೆಯದೆ ನನಗೆ ಸಮಾಧಾನ ಇಲ್ಲ. ಮೊದಲ ದಿನ ಮಧ್ಯಾಹ್ನ ಎರಡಕ್ಕೆ ನೆರಳಲ್ಲಿ 41, ಡಬ್ಬಿಯೊಳಗೆ 4, ಹರವಿ ನೀರು 26. ರಾತ್ರಿ ಒಂಬತ್ತಕ್ಕೆ ಹಳೆಯ ಬಂಡೆಯ ಮೇಲೆ ಅದೇ ಥರ್ಮಾಮೀಟರ್ ಇಟ್ಟು ನೋಡಿದೆ, 37. ಗಾಳಿ ಅಷ್ಟೊತ್ತಿಗೆ 32ಕ್ಕೆ ಇಳಿದಿತ್ತು. ಮೀನಂಗಡಿ ಅಣ್ಣನ ಮಾತು ಅಕ್ಷರಶಃ ನಿಜ. ಎರಡನೇ ಸಂಜೆ ಡಬ್ಬಿಯೊಳಗೆ 5. ಮೂರನೇ ಮುಂಜಾನೆ ಗಡ್ಡೆ ಇಟ್ಟಿಗೆಯಷ್ಟು ಉಳಿದಿತ್ತು.

ಎಲ್ಲವೂ ಸರಿ ಹೋಯಿತು ಅಂತ ತಿಳಿಯಬೇಡಿ. ಹಾಲನ್ನಕ್ಕೆ ಹೆಪ್ಪು ಹಾಕಿದ್ದು ಅರ್ಧ ಚಮಚ ಅಲ್ಲ, ನನ್ನ ಅಂದಾಜಿನ ಅರ್ಧ ಚಮಚ. ಕಾರಿನ ಡಿಕ್ಕಿಯಲ್ಲಿ ಅದು ಗಂಗಾವತಿಗೇ ಗಟ್ಟಿ ಮೊಸರು, ಉಣ್ಣುವ ಹೊತ್ತಿಗೆ ಬಾಯಿ ಚುಳ್ ಅನ್ನುವಷ್ಟು ಹುಳಿ. ತಮ್ಮ ಉಪ್ಪಿನಕಾಯಿ ಬೇಡ ಅಂದ. ಥರ್ಮಾಕೋಲ್ ಡಬ್ಬಿಯನ್ನು ಮಕ್ಕಳು ಮೊದಲ ದಿನ ಹದಿನೇಳು ಸಲ ತೆಗೆದರು. ಮಗಳು ಗೀಟು ಹಾಕಿ ಎಣಿಸಿದ್ದಾಳೆ, ಅವುಗಳಲ್ಲಿ ಒಂಬತ್ತು ಅವಳದೇ. ಆ ಡಬ್ಬಿಯ ಜೆಲ್ ಪ್ಯಾಕ್ ಸಂಜೆಗೇ ಬೆಚ್ಚಗಾಯಿತು. ದೊಡ್ಡ ಡಬ್ಬಿ ಉಳಿದದ್ದು ಅದರಿಂದಲೇ.

ಗಡಿಗೆಯ ಕೊತ್ತಂಬರಿ ಮೂರನೇ ದಿನವೂ ನೆಟ್ಟಗೆ ನಿಂತಿತ್ತು. ರಾತ್ರಿ ಎಲ್ಲ ಸಾಮಾನು ಕಾರಿಗೆ ಹೊತ್ತು ಹಾಕುವಾಗ ಸಂಡೂರಿನ ಅಣ್ಣನಿಗೆ ಮನಸ್ಸಲ್ಲೇ ಬೈದುಕೊಂಡೆ. ಎರಡನೇ ರಾತ್ರಿ ತೋಟದಾಚೆ ಏನೋ ಗೊರಗೊರ ಅಂದದ್ದು ಕೇಳಿ ಬೈಗುಳ ವಾಪಸು ತಗೊಂಡೆ. ಸೋದರಮಾವ ಹಂದಿ ಅಂದ. ಹಂದಿಯೇ ಇರಲಿ.

ಹೊರಡುವ ಮುಂಜಾನೆ ಉಳಿದ ಐಸ್ ಇಟ್ಟಿಗೆಯನ್ನು ಮಕ್ಕಳು ಬಾಯಿಗೆ ಹಾಕುವ ಮುಂಚೆ ಕಿತ್ತುಕೊಂಡು ಬಕೆಟ್ ನೀರಿಗೆ ಹಾಕಿದೆ. ಅವ್ವ ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಸೀರೆ ಸ್ವಲ್ಪ ಎತ್ತಿ, ಎರಡೂ ಪಾದ ಬಕೆಟ್ಟಿಗೆ ಇಳಿಸಿದಳು. ಕಣ್ಣು ಮುಚ್ಚಿದಳು. ಟೆಂಟ್ ಮಡಿಚಿ, ಪಾತ್ರೆ ತೊಳೆದು, ಕಾರು ತುಂಬಿ ಮುಗಿದರೂ ಏಳಲಿಲ್ಲ.

ಈಗ ಹೊಸ ಪ್ರಶ್ನೆ. ಕಾರಿನ ಸೀಟಿನಲ್ಲಿ, ಮ್ಯಾಟಿನಲ್ಲಿ, ಎಸಿಯ ಕಿಂಡಿಯಲ್ಲೆಲ್ಲ ಹೊಟ್ಟು. ಎಸಿ ಹಾಕಿದರೆ ಮುಖಕ್ಕೆ ಹಾರುತ್ತೆ. ನಿನ್ನೆ ರೊಟ್ಟಿಯಲ್ಲೂ ಸಿಕ್ಕಿತು. ಎರಡು ಸಲ ವ್ಯಾಕ್ಯೂಮ್ ಹೊಡೆಸಿದೆ. ಇದು ಹೋಗುವುದು ಹೇಗೆ?

ಕಾರಟಗಿ ಮೀನಂಗಡಿ

ಹೋಗಲ್ಲ ಅಣ್ಣಾ. ನನ್ನ ಗಾಡಿಯಲ್ಲಿ ಹತ್ತು ವರ್ಷದ್ದು ಇದೆ.